ಅತ್ತಿಗೆಗೆ ಆರ್ಟಿಕಲ್ ಪಾಠ

ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾತಾಡುವವರೆಂದರೆ ಅತ್ತಿಗೆ ಒಬ್ಬರೇ. ಅಮ್ಮ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ನಾನು ಅದನ್ನೂ ಕೊಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತಿಗೆ ನನ್ನನ್ನು ಗುಮ್ಮನಗುಸುಕಿ ಎಂದಿದ್ದರು, ಆಮೇಲೆ ಅದನ್ನು ಮೊಟಕು ಮಾಡಿ ಗುಮ್ಮಿ ಎನ್ನತೊಡಗಿದರು. ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಅವರ ಮಾತು ಶುರು. ಯಾರ ಪ್ಯಾಂಟು ಸುಟ್ಟಿತು, ಮೇಸ್ತ್ರಿಗೆ ಯಾರು ಎದುರು ಹೇಳಿದರು, ಯಾರು ಯಾರ ಜೊತೆ ಮಾತು ಬಿಟ್ಟರು. ಅಮ್ಮ, ನಾನು ತಟ್ಟೆ ನೋಡುತ್ತ ಕೇಳುತ್ತಿದ್ದೆವು. ಹಾಗೆ ಒಂದು ವರ್ಷ ಸರಿದಿತ್ತು. ಹೇಗೆ ಸರಿಯಿತು ಎಂದರೆ ನನಗೆ ನೆನಪಿಲ್ಲ.

ಅವರು ಕೆಲಸಕ್ಕಿದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಬಂದ ಬಟ್ಟೆಗೆಲ್ಲ ಪಿನ್ನಿನಿಂದ ಗುರುತಿನ ಚೀಟಿ ಸಿಕ್ಕಿಸುವುದು ಅವರ ಕೆಲಸ. ಆಗ ಬೇರೆ ಊರಿನ ಹೋಟೆಲೊಂದರಲ್ಲಿ ಕೋಣೆಗಳ ಉಸ್ತುವಾರಿಯ ಜಾಗ ಖಾಲಿಯಾಯಿತು. ಇರಲು ಕೋಣೆಯನ್ನೂ ಹೋಟೆಲಿನವರೇ ಕೊಡುತ್ತಾರಂತೆ. ಆದರೆ ಬಂದವರು ಮರೆತುಹೋದ ಸಾಮಾನಿನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಬರಬೇಕು. ಅದಕ್ಕೊಂದು ಪರೀಕ್ಷೆ.

“ಡಿಗ್ರಿ ಮಾಡ್ಕೊಂಡು ಮನೇಲಿ ಕೂತಿದೀಯಲ್ಲ ಗುಮ್ಮಿ, ಈ ಎ, ಆನ್, ದ ಅಷ್ಟು ಹೇಳ್ಕೊಡು. ಮಿಕ್ಕಿದ್ದು ಹೆಂಗೋ ತಳ್ತೀನಿ,” ಎಂದರು ಅತ್ತಿಗೆ.

ಅವರು ಪಾಸಾದರೆ ಮನೆಯಲ್ಲಿ ಉಳಿಯುವವರು ಅಮ್ಮ ಮತ್ತು ನಾನು ಎಂದು ನನಗೆ ಆ ಕ್ಷಣವೇ ಹೊಳೆದಿತ್ತು. ಹೊಳೆದದ್ದು ಎದೆಯವರೆಗೆ ಇಳಿಯಲಿಲ್ಲ. ಪೆನ್ಸಿಲ್ ಹುಡುಕಿ ತಂದೆ.

ದಿನವೂ ಅವರು ಕೆಲಸದಿಂದ ಬಂದ ಮೇಲೆ ಊಟದ ಮೇಜನ್ನು ಒರೆಸಿ ಕೂರುತ್ತಿದ್ದೆವು. ಯಾವುದೋ ಒಂದು ಛತ್ರಿಯಾದರೆ ಆನ್, ನಮ್ಮಿಬ್ಬರಿಗೂ ಗೊತ್ತಿರುವ ಛತ್ರಿಯಾದರೆ ದ, ಎಂದು ಹೇಳಿಕೊಟ್ಟೆ. ಅದು ಅವರಿಗೆ ಬೇಗ ಹತ್ತಿತು. ಕಾಗುಣಿತಕ್ಕಿಂತ ಉಚ್ಚಾರ ಮುಖ್ಯ, ಆದ್ದರಿಂದ ಎ ಯೂನಿಫಾರ್ಮ್, ಆದರೆ ಒಂದು ಗಂಟೆ ಎನ್ನಲು ಆನ್ ಅವರ್, ಎಂದೆ.

“ಅವರ್‌ಗೆ ಮುಂದೆ ಎಚ್ ಇದೆಯಲ್ಲೇ.”

“ಇದೆ. ಮಾತಾಡಲ್ಲ.”

“ಓಹೋ, ನಿನ್ನ ಜಾತಿದು.”

ಅವರು ನಕ್ಕರು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಏನೂ ಬೇಡದ ಕಡೆ ಸುಮ್ಮನೆ ಬಿಡುವುದೇ ಅತ್ತಿಗೆಗೆ ಆಗುತ್ತಿರಲಿಲ್ಲ. ನೀರಿಗೆ ದ, ಊರಿನ ಹೆಸರಿಗೆ ದ, ಭಾನುವಾರಕ್ಕೂ ದ. ಎಷ್ಟು ಹೊಡೆದು ಹಾಕಿದರೂ ಮರುದಿನ ಮತ್ತೆ ಇರುತ್ತಿತ್ತು.

“ಏನ್ಮಾಡ್ಲಿ ಹೇಳು. ಚೀಟಿ ಇಲ್ದೆ ಒಂದು ಕರ್ಚೀಫು ಒಳಗೆ ಹೋದ್ರೂ ಅದು ಕಳೆದ ಹಾಗೇ ಲೆಕ್ಕ. ಆಮೇಲೆ ಬೈಗುಳ ತಿನ್ನೋಳು ನಾನು. ಬರೀ ಮೈಯಲ್ಲಿ ಒಂದು ಪದ ನಿಂತಿದ್ರೆ ಕೈ ತಾನಾಗೇ ಹೋಗುತ್ತೆ.”

ನಿಮ್ಮ ಪರಿಚಯ ಬರೆಯಿರಿ ಎಂದು ನಾನು ಹೇಳಿದಾಗ ಅವರು ‘ದ ಮೈ ಹಸ್ಬೆಂಡ್ ಈಸ್ ಡೆಡ್’ ಎಂದು ಬರೆದಿದ್ದರು. ಮೈ ಬಂದ ಕಡೆ ದ ಬರುವುದಿಲ್ಲ ಎಂದು ನಾನು ಅದಕ್ಕೊಂದು ಗೆರೆ ಎಳೆದೆ. ಎಳೆದ ಮೇಲೆ ಇಬ್ಬರೂ ಆ ಸಾಲನ್ನು ನೋಡುತ್ತ ಕೂತೆವು. ನನಗೆ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಸಾಲು ಈಗ ಸರಿಯಾಗಿದೆ ಎಂದಷ್ಟೇ ಅನ್ನಿಸಿತು.

“ಹೋಗ್ಲಿ ಬಿಡು,” ಎಂದು ಅತ್ತಿಗೆ ಹಾಳೆ ತಿರುಗಿಸಿದರು.

ಪರೀಕ್ಷೆಯ ಹಿಂದಿನ ದಿನ ಅವರು ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತದೆ ಮಾತಾಡಿದಳು. ತಾನಾಗಿ ಮಾತೆತ್ತಿದ್ದು ಎಷ್ಟೋ ಕಾಲದ ಮೇಲೆ.

“ಒಂದೆರಡು ತಪ್ಪು ಹೇಳ್ಕೊಡೋಕೆ ಆಗಲ್ವಾ ನಿಂಗೆ?”

ಕೆತ್ತುತ್ತಿದ್ದ ಪೆನ್ಸಿಲನ್ನು ಕೆಳಗಿಟ್ಟೆ.

“ಕೆಟ್ಟದ್ದೇನೂ ಆಗಲ್ಲ ಅವಳಿಗೆ. ಲಾಂಡ್ರಿ ಇದ್ದೇ ಇದೆ. ಅವಳು ಹೋದ್ರೆ ನಾವಿಬ್ರೂ ಗೋಡೆ ನೋಡ್ಕೊಂಡು ಕೂರ್ಬೇಕು. ಯೋಚನೆ ಮಾಡು.”

ಯೋಚಿಸಿದೆ. ಅಮ್ಮ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಅತ್ತಿಗೆ ಬಂದು ಕೈಕಾಲು ತೊಳೆದು ಕೂತರು. ಮಾದರಿಗೆ ಒಂದು ಟಿಪ್ಪಣಿ ಬರೆದರು. ‘ಎ ಗೆಸ್ಟ್ ಲೆಫ್ಟ್ ಆನ್ ಅಂಬ್ರೆಲಾ ಇನ್’ ಎಂಬಲ್ಲಿಗೆ ಪೆನ್ಸಿಲ್ ನಿಂತಿತು.

“ಇನ್ ದ ರೂಮ್ ಟ್ವೆಲ್ವ್. ಗೊತ್ತಿರೋ ಕೋಣೆ ತಾನೇ, ದ ಬೇಕಲ್ವಾ?”

ಬೇಕು ಎಂದರೆ ಸಾಕಿತ್ತು. ಅವರು ನಂಬುತ್ತಿದ್ದರು, ನಾಳೆ ಹಾಗೆಯೇ ಬರೆಯುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನಾನು ಅತ್ತಿಗೆಯ ಬೆರಳುಗಳನ್ನು ನೋಡಿದೆ. ಪಿನ್ನು ಚುಚ್ಚಿ ಚುಚ್ಚಿ ತುದಿಯಲ್ಲಿ ಚರ್ಮ ದಡ್ಡುಗಟ್ಟಿತ್ತು.

“ಬೇಡ,” ಎಂದೆ. “ಕೋಣೆಗೆ ನಂಬರ್ ಇದ್ರೆ ಏನೂ ಬೇಡ. ಹಾಗೇ ಬಿಡಿ.”

ಧೈರ್ಯ, ಪ್ರೀತಿ ಎಂದೆಲ್ಲ ಏನೂ ಇರಲಿಲ್ಲ. ಸರಿಯಾದದ್ದು ಮೊದಲು ಬಾಯಿಗೆ ಬಂತು. ಅಮ್ಮ ಒಳಗೆ ಹೋದಳು.

ಪರೀಕ್ಷೆ ಮುಗಿಸಿ ಬಂದ ಅತ್ತಿಗೆ, “ಕೈ ಕಟ್ಕೊಂಡು ಬರೆದೆ ಕಣೇ, ಎಲ್ಲೂ ಚೀಟಿ ಹಚ್ಚಲಿಲ್ಲ,” ಎಂದರು. ಆ ವಾರವೇ ಹೋಟೆಲಿನಿಂದ ಫೋನ್ ಬಂತು. ಕೆಲಸ ಸಿಕ್ಕಿತ್ತು. ಅವರು ಫೋನ್ ಇಟ್ಟು ಅಮ್ಮನ ಮುಖ ನೋಡಿದರು.

“ಅತ್ತೆ, ಬೇಡ ಅಂದ್ರೆ ಹೋಗಲ್ಲ.”

ಅಮ್ಮ ಕೈಯಲ್ಲಿದ್ದ ಸೀರೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಕೊನೆಗೆ, “ಅಲ್ಲಿ ಹೊದಿಕೆ ಕೊಡ್ತಾರೋ ಇಲ್ವೋ, ಕೇಳ್ಕೊಂಡ್ಯಾ?” ಎಂದಳು. ಮಾರನೆಯ ದಿನ ದಪ್ಪನೆಯ ಹೊದಿಕೆಯೊಂದನ್ನು ತಾನೇ ಬಿಸಿಲಿಗೆ ಹಾಕಿದಳು.

ಅತ್ತಿಗೆ ಹೊರಟ ಬೆಳಿಗ್ಗೆ ನಾನು ಬಸ್ಸಿನವರೆಗೆ ಚೀಲ ಹಿಡಿದು ಹೋದೆ. “ಅಮ್ಮನ ಹತ್ರ ಮಾತಾಡೇ ಗುಮ್ಮಿ. ಏನಾದ್ರೂ ಸರಿ,” ಎಂದರು. ತಲೆಯಾಡಿಸಿದೆ. ಬಸ್ಸು ಹೋಯಿತು. ಮನೆಗೆ ಬಂದೆ.

ಮಧ್ಯಾಹ್ನ ಅಮ್ಮ, ನಾನು ಊಟಕ್ಕೆ ಕೂತೆವು. ಇಬ್ಬರೂ ಅಗಿಯುವ ಸದ್ದು ಕೇಳುತ್ತಿತ್ತು. ಅಮ್ಮನ ತಟ್ಟೆ ಅರ್ಧವಾದಾಗ ಗಂಟಲು ಸರಿಮಾಡಿಕೊಂಡೆ.

“ಪಕ್ಕದ ಮನೆಯವರು ಬಾಗಿಲಿಗೆ ಬಣ್ಣ ಹೊಡೆಸ್ತಿದಾರೆ.”

ಅಮ್ಮ ತಲೆ ಎತ್ತಿದಳು. “ಯಾವ ಬಣ್ಣ?”

“ನೋಡಲಿಲ್ಲ.”

ಅಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು.

“ಕೈ ತೊಳ್ಕೊಂಡು ಹೋಗಿ ನೋಡು. ಬಂದು ಹೇಳು.”

ನಾನು ಎದ್ದೆ.