ಕೂದಲೆಳೆಯಷ್ಟು ಓರೆ

ಭಾವ ವರ್ಕ್‌ಶಾಪ್ ಬಾಗಿಲಲ್ಲಿ ಕಾಣಿಸ್ಕೊಂಡ್ರೆ ಸಾಕು, ಡೈಲಾಗ್‌ನ ತಲೆಯೊಳಗೆ ವಿಲನ್ ಎಂಟ್ರಿ ಮ್ಯೂಸಿಕ್ ಶುರುವಾಗೋದು. ಡೈಲಾಗ್ ಅನ್ನೋದು ಅಡ್ಡಹೆಸರು. ಮೂವತ್ತು ದಾಟಿದ್ರೂ ಹೀರೋ ಥರ ಮಾತಾಡ್ತಾನೆ ಅಂತ ಅವನ ಸ್ವಂತ ಅಕ್ಕನೇ ಇಟ್ಟಿದ್ದು. ಆ ಅಕ್ಕನ ಗಂಡನೇ ಈ ಭಾವ. ಮೂವರಿಗೂ ಒಂದೇ ವರ್ಕ್‌ಶಾಪ್, ಒಂದೇ ಅಂಟಿನ ಡಬ್ಬಿ, ಏಳು ವರ್ಷದಿಂದ ಒಂದೇ ಜಗಳ: ಇಲ್ಲಿ ಮೇಸ್ತ್ರಿ ಯಾರು?

ಜಗಳಕ್ಕೆ ಈಗ ಕ್ಲೈಮ್ಯಾಕ್ಸ್ ಬಂದಿತ್ತು. ಡಾಕ್ಟರಮ್ಮ ಹೊಸ ಮನೆಗೆ ಹನ್ನೊಂದು ಬೀರು ಮಾಡಿಸೋರಿದ್ರು. ಬಾಗಿಲಿಗೆಲ್ಲ ವೆನೀರ್, ಅಂದ್ರೆ ಮರದ ತೆಳು ಪದರ, ಕೊಯ್ದು ಕೂರಿಸಿದ ಚಿತ್ತಾರ. "ನನಗೆ ಒಬ್ಬರೇ ಮೇಸ್ತ್ರಿ ಬೇಕು. ಇಬ್ರೂ ಒಂದೊಂದು ಬಾಗಿಲು ತೋರಿಸಿ. ಯಾರದ್ದು ಚೆನ್ನಾಗಿದ್ಯೋ ಅವರು ಹೇಳ್ದಂಗೆ ಇನ್ನೊಬ್ರು ಕೇಳ್ಬೇಕು. ನಾಳೆ ಸಂಜೆ ಬರ್ತೀನಿ," ಅಂತ ಕಡ್ಡಿ ಮುರಿದಂಗೆ ಹೇಳಿ ಹೋಗಿದ್ರು. ಭಾವನ ಕೈಕೆಳಗೆ ಕೆಲಸ ಮಾಡೋದಕ್ಕಿಂತ ಆ ಡಬ್ಬಿಯ ಅಂಟು ಕುಡಿಯೋದೇ ವಾಸಿ ಅನ್ನಿಸ್ತು ಡೈಲಾಗ್‌ಗೆ.

ಕೊಯ್ಯೋದು ಯಾವಾಗ್ಲೂ ಅವನೇ. ಭಾವನದ್ದು ಅಂಟಿಸೋ ಕೈ, ಉಜ್ಜೋ ಕೈ. ಕೊಯ್ಯೋ ರೀತಿ ಹೀಗೆ: ಒಂದು ಬಿಳೀ ಪದರ, ಅದರ ಕೆಳಗೆ ಒಂದು ಕಪ್ಪು ಪದರ, ಎರಡನ್ನೂ ಸೇರಿಸಿ ಅಂಟುಪಟ್ಟಿ ಹಾಕಿ, ಮೇಲೆ ಕೊಕ್ಕರೆ ಚಿತ್ರ ಬರೆದು, ಕಾಲಲ್ಲಿ ತುಳಿಯೋ ಸಣ್ಣ ಗರಗಸದಲ್ಲಿ ಒಟ್ಟಿಗೇ ಕೊಯ್ಯೋದು. ಕಪ್ಪು ಕೊಕ್ಕರೆ ಬಿಳೀ ಪದರದ ತೂತಿಗೆ, ಬಿಳೀ ಕೊಕ್ಕರೆ ಕಪ್ಪು ಪದರದ ತೂತಿಗೆ. ಒಂದೇ ಕೊಯ್ತ, ಎರಡು ಬಾಗಿಲು. ಗರಗಸದಲ್ಲಿ ಪದರ ಇಡೋ ಹಲಗೆ ಮಟ್ಟವಾಗಿದ್ರೆ ಇಬ್ಬರಿಗೂ ಸಮ. ಹಲಗೆಯನ್ನ ಕೂದಲೆಳೆಯಷ್ಟು ಓರೆ ಮಾಡಿದ್ರೋ, ಕೆಳಗಿನ ಕಪ್ಪು ಹಕ್ಕಿ ಬಿಳೀ ಬಾಗಿಲಲ್ಲಿ ಬಿರಡೆ ಥರ ಬಿಗಿಯಾಗಿ ಕೂರುತ್ತೆ. ಬಿಳೀ ಹಕ್ಕಿ ಮಾತ್ರ ಅಪ್ಪನ ಚಪ್ಪಲಿ ಮೆಟ್ಟಿದ ಮಗು ಥರ ಲೊಳಲೊಳ.

ಭಾವ ಕೈ ತೊಳೆಯೋಕೆ ಹೋದಾಗ ಡೈಲಾಗ್ ಹಲಗೆಯ ತಿರುಪು ಸಡಿಲಿಸಿ ಓರೆ ಮಾಡಿದ. ಕೊಯ್ದು ಮುಗಿಸಿ ಮತ್ತೆ ಮಟ್ಟ ಮಾಡಿಟ್ಟ.

"ಬಿಳೀ ಕೊಕ್ಕರೆ ನಂದು. ಮುಟ್ಟಿದ್ರೆ ಕೈ ಕಟ್!" ಅಂದ.

ಲೆಕ್ಕಾಚಾರ ಸರಳ. ತಾನು ಬೇಕು ಅಂದಿದ್ದನ್ನ ಭಾವ ಏಳು ವರ್ಷದಲ್ಲಿ ಒಂದ್ಸಲನೂ ಬಿಟ್ಟುಕೊಟ್ಟವನಲ್ಲ. ಈಗಲೂ ಕಿತ್ಕೋತಾನೆ. ಲೊಳಲೊಳ ಹಕ್ಕಿ ಅವನ ಪಾಲಿಗೆ.

ಭಾವ ಎರಡೂ ಹಕ್ಕಿ ಎತ್ಕೊಂಡ. ಅಂಚಿನ ಮೇಲೆ ಉಗುರು ಆಡಿಸಿದ. ಒಂದ್ಸಲ. ಇನ್ನೊಂದ್ಸಲ. ಅಂಚು ಇಳಿಜಾರಾಗಿದ್ದು ಉಗುರಿಗೆ ತಿಳೀತು.

"ತಗೋ," ಅಂದ ಭಾವ.

"ಏನು?"

"ಬಿಳೀದು. ಹೆಂಡ್ತಿ ತಮ್ಮ ಬಾಯಿಬಿಟ್ಟು ಕೇಳಿದ್ದೀಯ, ಇಷ್ಟೂ ಕೊಡ್ದಿದ್ರೆ ಹೆಂಗೆ?"

"ಅಯ್ಯೋ, ಬೇಡ ಬಿಡಿ ಭಾವ. ನೀವು ದೊಡ್ಡೋರು, ನೀವೇ..."

"ಮುಟ್ಟಿದ್ರೆ ಕೈ ಕಟ್ ಅಂದ್ಯಲ್ಲೋ. ನಂಗೆ ಕೈ ಬೇಕಪ್ಪ, ನಾಳೆ ಕೆಲಸ ಇದೆ."

"ಅಕ್ಕಾ, ನೀನಾದ್ರೂ ಹೇಳು!"

ಮೂಲೆಯಲ್ಲಿ ಅಂಟುಪಟ್ಟಿ ಕತ್ತರಿಸ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ಕೇಳಿದ್ದು ಸಿಕ್ತಲ್ಲ? ಬಾಯಿ ಮುಚ್ಚು."

ಡೈಲಾಗ್ ಕಪ್ಪು ಮರದ ಹೊಟ್ಟನ್ನ ಅಂಟಲ್ಲಿ ಕಲಸಿ ಸಂದಿಗೆ ಮೆತ್ತಿದ. ಬಾಗಿಲ ಮೇಲೆ ಭಾರ ಹೇರಿಟ್ಟ. ಮಾರನೇ ದಿನ ತೆಗೆದು ನೋಡಿದ್ರೆ ಅಂಟು ಒಣಗಿ ಕುಸಿದು, ಕೊಕ್ಕರೆ ಸುತ್ತ ಕಾಲುವೆ ತೋಡಿದಂಗಿತ್ತು. ಎಷ್ಟು ಪಾಲಿಶ್ ಹೊಡೆದ್ರೂ ಕಾಲುವೆಗೇ ಹೊಳಪು ಬಂತು.

ಸಂಜೆ ಡಾಕ್ಟರಮ್ಮ ಬಂದ್ರು. ರೋಗಿಯ ಹೊಟ್ಟೆ ಮುಟ್ಟಿ ನೋಡೋ ಥರ ಭಾವನ ಬಾಗಿಲ ಮೇಲೆ ಬೆರಳು ಸರಿಸಿದ್ರು. "ಇದು ಕೂರಿಸಿದ್ದಾ, ಹುಟ್ಟಿದ್ದೇ ಹಿಂಗಾ?" ಡೈಲಾಗ್‌ನ ಬಾಗಿಲಿಗೆ ಬಂದಾಗ ಉಗುರು ಸಿಕ್ಕಿಹಾಕ್ಕೊಳ್ತು. "ಇದರೊಳಗೆ ಇರುವೆ ಮೆರವಣಿಗೆ ಹೋಗಬಹುದಲ್ರೀ."

ಭಾವ ಮೀಸೆಯಡಿ ನಕ್ಕ. ಅದೊಂದು ನಗು ಸಾಕಾಯ್ತು.

"ಮೇಡಂ, ಅದನ್ನ ಕೊಯ್ದಿದ್ದೂ ನಾನೇ!" ಅಂತ ಡೈಲಾಗ್ ಎದೆ ತಟ್ಕೊಂಡ. "ಆ ಬಿಗಿ ನಂದು! ಇವರು ಬರೀ ಅಂಟು ಹಚ್ಚಿದ್ದು!"

"ಎರಡೂ ನೀವೇ ಕೊಯ್ದಿದ್ದಾ?"

"ಒಂದೇ ಏಟಿಗೆ!"

"ಹಂಗಾದ್ರೆ ಒಂದು ಅಷ್ಟು ಬಿಗಿ, ಇನ್ನೊಂದು ಇಷ್ಟು ಸಡಿಲ ಯಾಕೆ?"

ಡೈಲಾಗ್ ತನ್ನ ಬಾಗಿಲನ್ನ ಗೋಡೆ ಕಡೆ ತಿರುಗಿಸೋಕೆ ಹೋದ.

"ಹೇಳೋ," ಅಂದ ಭಾವ. "ನಾನು ಹೇಳಿದ್ರೆ ಚಾಡಿ ಆಗುತ್ತೆ."

"ಹಲಗೆ ಓರೆ ಮಾಡಿದ್ದೆ."

"ಯಾಕೆ?" ಅಂದ್ರು ಡಾಕ್ಟರಮ್ಮ.

"ಇವರದ್ದು ಕೆಟ್ಟುಹೋಗ್ಲಿ ಅಂತ."

ಡಾಕ್ಟರಮ್ಮ ಕನ್ನಡಕ ತೆಗೆದು ಮಡಚಿದ್ರು. "ಕೈ ನಿಮ್ಮದೇ ಒಳ್ಳೇದು, ಅದು ಗೊತ್ತಾಯ್ತು. ಕೊಯ್ಯೋದು ನೀವೇ. ಆದ್ರೆ ಮೇಸ್ತ್ರಿ ಇವರು. ಒಂದೊಂದು ತುಂಡನ್ನೂ ಇವರ ಕೈಗೆ ಕೊಟ್ಟು, ಇವರು ಸರಿ ಅಂದ್ಮೇಲೇ ಮುಂದಿನದು."

ಅವರ ಕಾರು ತಿರುವು ದಾಟೋಕೂ ಬಿಡದೆ ಭಾವ ಒಂದು ಸ್ಟೂಲ್ ಎಳ್ಕೊಂಡು ಬಂದು ಗರಗಸದ ಪಕ್ಕದಲ್ಲೇ ಹಾಕಿದ. ಕೂತ. ಮೊಣಕಾಲು ಡೈಲಾಗ್‌ನ ಮೊಣಕಾಲಿಗೆ ತಾಗ್ತಿತ್ತು.

"ಶುರು ಮಾಡು."

"ಇಲ್ಲೇ ಕೂರ್ತೀರಾ?"

"ಹನ್ನೊಂದು ಬೀರು, ಇಪ್ಪತ್ತೆರಡು ಬಾಗಿಲು. ನಂಗೆ ಬೇರೇನೂ ಕೆಲಸ ಇಲ್ಲ."

"ಕಾಲು ಸ್ವಲ್ಪ ಆ ಕಡೆ ಇಟ್ಕೊಳ್ಳಿ. ತುಳಿಯೋಕೆ ಆಗ್ತಿಲ್ಲ."

"ಇಡಲ್ಲ," ಅಂದ ಭಾವ. "ತುಳಿ."