ನೆಲ್ಡಾ ಬರೆದ ಆಡಿಟ್ ವರದಿ

ಟುಲ್ಲಿ ವೆಲ್ಸ್ ಶಾಲಾ ಜಿಲ್ಲೆಗೆ ನಾನೇ ಕೊನೆಯ ಸೂಪರಿಂಟೆಂಡೆಂಟ್, ಅಂದರೆ ಆಡಳಿತದ ಮುಖ್ಯಸ್ಥ. ಜಿಲ್ಲೆ ಎಂದರೆ ದೊಡ್ಡದೇನಲ್ಲ. ಒಂದೇ ಕಟ್ಟಡ, ಒಂದರಿಂದ ಹನ್ನೆರಡನೇ ತರಗತಿವರೆಗೆ ಒಟ್ಟು ನೂರಮೂವತ್ತೊಂದು ಮಕ್ಕಳು, ಸುತ್ತ ಹತ್ತಿ ಹೊಲ. ಬಸ್ ಡ್ರೈವರ್ ರಜೆ ಹಾಕಿದ ದಿನ ಬಸ್ಸನ್ನೂ ನಾನೇ ಓಡಿಸುತ್ತಿದ್ದೆ. ಹನ್ನೊಂದು ಹುಡುಗರು ಸಿಗದೆ ನಮ್ಮ ಫುಟ್‌ಬಾಲ್ ತಂಡ ಆರೇ ಜನರ ಆಟ ಆಡುತ್ತಿತ್ತು.

ನೆಲ್ಡಾ ಸೋಸ್‌ಬಿ ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಹಣಕಾಸು ನೋಡಿಕೊಳ್ಳುತ್ತಿದ್ದರು. ನಾನೂ ಅದೇ ಶಾಲೆಯಲ್ಲಿ ಓದಿದವನು. ಮೂರನೇ ತರಗತಿಯಲ್ಲಿ ಊಟದ ಚೀಟಿ ಕಳೆದುಕೊಂಡು ಅಳುತ್ತಾ ನಿಂತಾಗ ಹೊಸ ಚೀಟಿ ಹರಿದು ಕೈಗೆ ಕೊಟ್ಟವರು ಅವರೇ. ಊರೆಲ್ಲ ಅವರನ್ನು ಮಿಸ್ ನೆಲ್ಡಾ ಎನ್ನುತ್ತಿತ್ತು. ಅವರ ಗಂಡ ಬಸ್ಟರ್ ಹತ್ತಿ ಬಿಡಿಸುವ ಗಿರಣಿಯ ಧೂಳು ಕುಡಿದೂ ಕುಡಿದೂ ಶ್ವಾಸಕೋಶ ಕೆಡಿಸಿಕೊಂಡು, ಆಮ್ಲಜನಕದ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮನೆಯಲ್ಲಿ ಕೂತಿದ್ದ. ಅವನ ಚಿಕಿತ್ಸೆ ನಡೆಯುತ್ತಿದ್ದುದು ನೆಲ್ಡಾಗೆ ಶಾಲೆ ಕೊಟ್ಟಿದ್ದ ವಿಮೆಯಿಂದ.

ಪ್ರತಿ ವರ್ಷ ರಾಜ್ಯದ ಕಚೇರಿ ಎಲ್ಲ ಶಾಲಾ ಜಿಲ್ಲೆಗಳಿಗೂ, ಸರ್ಕಾರದ ಹಣದಲ್ಲಿ ಬೇರೆ ಸಂಸ್ಥೆಗಳು ನಡೆಸುವ ಚಾರ್ಟರ್ ಶಾಲೆಗಳಿಗೂ ಹಣಕಾಸಿನ ದರ್ಜೆ ಕೊಡುತ್ತದೆ. ಹೊರಗಿನ ಆಡಿಟರ್ ಲೆಕ್ಕ ಪರಿಶೀಲಿಸಿ ಬರೆದ ವರದಿ ಜನವರಿ ಕೊನೆಯೊಳಗೆ ಅವರಿಗೆ ತಲುಪಬೇಕು. ಆಗಸ್ಟಿನಲ್ಲಿ ಅಂಕ ಬರುತ್ತದೆ, ಅಂಕಕ್ಕೆ ತಕ್ಕಂತೆ ಎ, ಬಿ, ಸಿ. ವರದಿ ತಡವಾದರೆ ಉಳಿದದ್ದೆಲ್ಲ ನೆಟ್ಟಗಿದ್ದರೂ ಎಫ್. ನಾನು ಹೇಳಹೊರಟ ವರ್ಷಕ್ಕೆ ಹಿಂದಿನ ವರ್ಷ ಮಕ್ಕಳು ಕಡಿಮೆಯಾದರೆಂದು ನಮಗೆ ಸಿ ಬಂದಿತ್ತು. ಇನ್ನೊಂದು ಕೆಟ್ಟ ದರ್ಜೆ ಬಂದಿದ್ದರೆ ರಾಜ್ಯದಿಂದ ಒಬ್ಬ ಮೇಲ್ವಿಚಾರಕ ಬಂದು ಕೂರುತ್ತಿದ್ದ. ಹಾಗೆ ಮೇಲ್ವಿಚಾರಕ ಬಂದ ಸಣ್ಣ ಶಾಲೆ ಯಾವುದೂ ಉಳಿದದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಆಡಿಟರ್ ಹೋಮರ್ ಟಿಡ್ವೆಲ್. ವಯಸ್ಸು ಎಪ್ಪತ್ತೊಂಬತ್ತು. ಲಬ್ಬಕ್ ನಗರದ ದೊಡ್ಡ ಆಡಿಟ್ ಸಂಸ್ಥೆಗಳು ಕೇಳುವುದರ ಮೂರನೇ ಒಂದು ಭಾಗಕ್ಕೆ ಐದು ಸಣ್ಣ ಶಾಲಾ ಜಿಲ್ಲೆಗಳ ಕೆಲಸ ಮಾಡಿಕೊಡುತ್ತಿದ್ದರು. ಅಕ್ಟೋಬರಿನಲ್ಲಿ ಒಂದು ವಾರ ಬಂದು ನೆಲ್ಡಾ ಕೋಣೆಯಲ್ಲಿ ಕೂರುತ್ತಿದ್ದರು. ಆ ವರ್ಷ ಬಂದವರು ಮೊದಲ ದಿನವೇ ಕಾರನ್ನು ಹನ್ನೆರಡು ವರ್ಷದ ಹಿಂದೆ ಕೆಡವಿದ ಹಳೆಯ ಜಿಮ್ ಇದ್ದ ಜಾಗಕ್ಕೆ ತಂದು ನಿಲ್ಲಿಸಿ, ಬಾಗಿಲು ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರು. ನಾನೇ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಬೆಳಿಗ್ಗೆ ಕೊಟ್ಟ ಕಡತವನ್ನೇ ಮಧ್ಯಾಹ್ನ ಇನ್ನೆರಡು ಸಲ ಕೇಳಿದರಂತೆ. ಹೆಂಡತಿ ಕಾರಿನಲ್ಲಿ ಕಾಯುತ್ತಿದ್ದಾಳೆ, ಬೇಗ ಮುಗಿಸಬೇಕು ಎಂದರಂತೆ. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಶುಕ್ರವಾರ ಅವರು ಹೊರಟ ಮೇಲೆ ನೆಲ್ಡಾ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನೋಡೋ ವೇಡ್, ಹೋಮರ್‌ಗೆ ಈ ಸಲ ಸ್ವಲ್ಪ ನಿಧಾನ ಆಗ್ತಿದೆ. ನಾನು ಒಂಚೂರು ಕೈ ಜೋಡಿಸ್ತೀನಿ. ವರದಿ ಟೈಮಿಗೆ ಹೋಗುತ್ತೆ."

"ಕೈ ಜೋಡಿಸೋದು ಅಂದ್ರೆ ಎಷ್ಟು, ಮಿಸ್ ನೆಲ್ಡಾ?"

"ಅದನ್ನ ನೀನು ಕೇಳದೇ ಇದ್ರೆ ಒಳ್ಳೇದು ಕಣೋ."

ನಾನು ಕೇಳಲಿಲ್ಲ. ಲಬ್ಬಕ್‌ನವರಿಗೆ ಒಂದು ಫೋನ್ ಮಾಡಿ ನೋಡಿದೆ. ಅವರು ಹೇಳಿದ ಮೊತ್ತ ಒಬ್ಬ ಶಿಕ್ಷಕಿಯ ವರ್ಷದ ಸಂಬಳ. ಅದೂ ಮಾರ್ಚ್‌ಗಿಂತ ಮುಂಚೆ ಆಗದು ಎಂದರು. ಫೋನ್ ಇಟ್ಟವನು ಆ ವಿಷಯ ಮತ್ತೆ ಎತ್ತಲಿಲ್ಲ.

ನೆಲ್ಡಾ ಇಡೀ ವರದಿಯನ್ನು ತಾವೇ ಬರೆದರು. ತಾವು ಬರೆದಿಟ್ಟ ಲೆಕ್ಕವನ್ನು ತಾವೇ ಹೊರಗಿನವರಂತೆ ಪರಿಶೀಲಿಸಿ, ಎಲ್ಲಾ ಸರಿಯಿದೆ ಎಂದು ತಾವೇ ಅಭಿಪ್ರಾಯ ಕೊಟ್ಟರು. ಜನವರಿಯಲ್ಲಿ ಒಂದು ಶನಿವಾರ ಪೀಕನ್ ಬೀಜದ ಸಿಹಿ ಪೈ ಮಾಡಿಕೊಂಡು ಟಿಡ್ವೆಲ್ ಮನೆಗೆ ಹೋಗಿ, ಸಹಿ ಬೇಕಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿ ಮುಂದಿಟ್ಟರು. ಅವರು ಪೈ ತಿಂದು, ಚೀಟಿ ಇದ್ದ ಕಡೆ ಸಹಿ ಹಾಕಿದರು. ಗಡುವಿಗೆ ಎರಡು ದಿನ ಮುಂಚೆ ವರದಿ ಸೇರಿತು.

ಆಗಸ್ಟಿನಲ್ಲಿ ನಮಗೆ ತೊಂಬತ್ತನಾಲ್ಕು ಅಂಕ ಬಂತು, ಎ ದರ್ಜೆ. ಆಡಳಿತ ಮಂಡಳಿಯವರು ಗೇಟಿಗೆ ಬ್ಯಾನರ್ ಕಟ್ಟಿಸಿದರು. ದರ್ಜೆಯ ಬಗ್ಗೆ ಸಾರ್ವಜನಿಕ ಸಭೆ ನಡೆಸಬೇಕೆಂಬುದು ಕಾನೂನು, ನಡೆಸಿದೆವು. ಊರಿನಿಂದ ಬಂದವರು ಮೂರೇ ಜನ, ಅವರಲ್ಲಿ ಇಬ್ಬರು ಕೇಕ್‌ಗಾಗಿ ಬಂದವರು. ನೆಲ್ಡಾ ಹಿಂದಿನ ಸಾಲಿನಲ್ಲಿ ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಂಡಳಿಯ ಅಧ್ಯಕ್ಷ ಡಾರೆಲ್ ಹಫ್‌ಸ್ಟೆಟ್ಲರ್, ನೆಲ್ಡಾ ಹೆಸರು ಹೇಳಿ ಚಪ್ಪಾಳೆ ಹೊಡೆಸಿದಾಗಲೂ ತಲೆ ಎತ್ತಲಿಲ್ಲ.

ಅದಾಗಿ ಮೂರು ವಾರಕ್ಕೆ ಟಿಡ್ವೆಲ್ ಕಾರನ್ನು ಚರಂಡಿಗಿಳಿಸಿದರು. ಹೆಚ್ಚು ಪೆಟ್ಟಾಗಲಿಲ್ಲ, ಆದರೆ ತಾವು ಎಲ್ಲಿಗೆ ಹೊರಟಿದ್ದರೆಂದು ಹೇಳಲಾಗಲಿಲ್ಲ. ಅಬಿಲೀನ್‌ನಲ್ಲಿ ನರ್ಸ್ ಆಗಿದ್ದ ಮಗಳು ಜನೀಸ್ ಬಂದು ಅಪ್ಪನನ್ನು ವೃದ್ಧರ ಆರೈಕೆ ಮನೆಗೆ ಸೇರಿಸಿ, ಅವರ ಕಚೇರಿ ಖಾಲಿ ಮಾಡಲು ಕೂತಳು. ಅಲ್ಲಿ ಅವಳಿಗೆ ನೆಲ್ಡಾ ಕೈಬರಹದ ಕರಡು, ಹಳದಿ ಚೀಟಿಗಳ ಸಮೇತ ಸಿಕ್ಕಿತು.

ಒಂದು ಮಂಗಳವಾರ, ಮಕ್ಕಳು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಅವಳು ಆ ಕಾಗದಗಳನ್ನು ಹಿಡಿದುಕೊಂಡು ಶಾಲೆಗೆ ಬಂದಳು. ನೆಲ್ಡಾ ಕೋಣೆಯ ಬಾಗಿಲು ತೆರೆದಿತ್ತು. ನಾನು ಎದುರಿನ ಕೋಣೆಯಲ್ಲಿದ್ದೆ, ಎಲ್ಲಾ ಕೇಳಿಸುತ್ತಿತ್ತು.

ಇದು ನಿಮ್ಮ ಬರಹವೇ ಎಂದು ಜನೀಸ್ ಕೇಳಿದಳು. ಹೌದು ಎಂದರು ನೆಲ್ಡಾ. ಒಂದು ಸುಳ್ಳೂ ಹೇಳಲಿಲ್ಲ. ಅಕ್ಟೋಬರಿನಲ್ಲಿ ನೋಡಿದ್ದನ್ನೆಲ್ಲ, ಕಾರಿನಲ್ಲಿ ಕಾಯುವ ಹೆಂಡತಿಯ ಮಾತನ್ನೂ, ಹೇಳಿದರು. ಹೋಮರ್ ಮರ್ಯಾದೆ ಉಳಿಯಲಿ ಎಂದು ಮಾಡಿದೆ, ಶಾಲೆಯೂ ಉಳಿಯಲಿ ಎಂದು ಮಾಡಿದೆ ಎಂದರು.

"ನನ್ನ ಫೋನ್ ನಂಬರ್ ನಿಮ್ಮ ಹತ್ರ ಇತ್ತು ಅಲ್ವಾ, ಮಿಸ್ ನೆಲ್ಡಾ?" ಎಂದಳು ಜನೀಸ್.

"ಇತ್ತಮ್ಮಾ."

"ಒಂದು ಮಾತು ಹೇಳಿದ್ರೆ ನಾನು ಅವತ್ತೇ ಬಂದು ಕರ್ಕೊಂಡು ಹೋಗ್ತಿದ್ದೆ. ಇನ್ನೊಂದು ವರ್ಷ ಅವರು ಆ ಕಾರು ಓಡಿಸಿದ್ದಾರೆ. ಇನ್ನು ನಾಲ್ಕು ಶಾಲೆಗೂ ಸಹಿ ಹಾಕಿದ್ದಾರೆ. ಅಲ್ಲಿ ನಿಮ್ಮ ಹಾಗೆ ಕೂತು ಕೆಲಸ ಮಾಡಿದವ್ರು ಯಾರೂ ಇಲ್ಲ. ಸುಮ್ನೆ ಸಹಿ."

ಜನೀಸ್‌ಗೆ ಆ ನಾಲ್ಕರಲ್ಲಿ ಒಂದು ಶಾಲೆಯಿಂದ ಆಗಲೇ ಫೋನ್ ಬಂದಿತ್ತು, ಅದನ್ನೂ ಹೇಳಿದಳು. ಅಲ್ಲಿ ಸಿಬ್ಬಂದಿಯ ಸಂಬಳದಲ್ಲಿ ಹಿಡಿದ ವಿಮೆಯ ಕಂತನ್ನು ಎಂಟು ತಿಂಗಳು ಕಟ್ಟಿರಲೇ ಇಲ್ಲ. ಟಿಡ್ವೆಲ್ ವರದಿಯಲ್ಲಿ ಎಲ್ಲಾ ಸರಿಯಿದೆ ಎಂದಿತ್ತು. ಆ ಶಾಲೆಯ ಅಡುಗೆಯ ಹೆಂಗಸೊಬ್ಬಳು ಸ್ತನದ ಗಂಟಿನ ಶಸ್ತ್ರಚಿಕಿತ್ಸೆಗೆ ಹೋದಾಗ, ನಿಮಗೆ ವಿಮೆ ಇಲ್ಲ ಎಂದು ಆಸ್ಪತ್ರೆಯವರು ಹೇಳಿ ವಾಪಸು ಕಳಿಸಿದ್ದರು. ಆಕೆ ಮತ್ತೆ ಹೋಗುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

"ನಾನು ರಾಜ್ಯದ ಕಚೇರಿಗೆ ಬರೆದು ತಿಳಿಸಲೇಬೇಕು. ನಿಮ್ಮ ಮೇಲೆ ಸಿಟ್ಟಿಗಲ್ಲ," ಎಂದಳು ಜನೀಸ್. ಅವಳು ಅಳುತ್ತಿದ್ದಳು. ನೆಲ್ಡಾ ತಮ್ಮ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದ ಡಬ್ಬಿಯನ್ನು ಅವಳ ಕಡೆ ಸರಿಸಿದರು.

ರಾಜ್ಯದಿಂದ ಇಬ್ಬರು ಬಂದು ಎರಡು ದಿನ ಇದ್ದರು. ಒಳ್ಳೆಯ ಜನ, ಮಕ್ಕಳ ಜೊತೆ ಸಾಲಿನಲ್ಲಿ ನಿಂತು ರಾಜ್ಮಾ, ಮೆಕ್ಕೆಜೋಳದ ಬ್ರೆಡ್ ತೆಗೆದುಕೊಂಡು ತಿಂದರು. ಹೊಸ ಆಡಿಟರ್ ಬಂದು ಮೂರು ವರ್ಷದ ಲೆಕ್ಕ ಕೆದಕಿದ. ಒಂದು ಸೆಂಟೂ ಹೆಚ್ಚು ಕಡಿಮೆ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ಪುಸ್ತಕ ನಾನು ನೋಡಿಲ್ಲ ಎಂದು ಅವನೇ ನನ್ನೆದುರು ಹೇಳಿದ. ಆದರೆ ಹೊರಗಿನವರ ಆಡಿಟ್ ಆಗಿಲ್ಲವೆಂದರೆ ವರದಿ ಬಂದಿಲ್ಲವೆಂದೇ ಲೆಕ್ಕ. ಫೆಬ್ರವರಿಯಲ್ಲಿ ದರ್ಜೆ ಪರಿಷ್ಕರಿಸಿದರು. ಅಂತರ್ಜಾಲದ ಪುಟದಲ್ಲಿ ತೊಂಬತ್ತನಾಲ್ಕು ಇದ್ದ ಜಾಗದಲ್ಲಿ ಸೊನ್ನೆ, ಎ ಇದ್ದ ಜಾಗದಲ್ಲಿ ಎಫ್. ನಾವು ಮೇಲ್ಮನವಿ ಹಾಕಿದೆವು. ರಾಜ್ಯದ ಕಚೇರಿಯಿಂದಲೇ ಅಂಕಿ ತಪ್ಪಾಗಿದ್ದರೆ ಮಾತ್ರ ಮೇಲ್ಮನವಿ ನಡೆಯುತ್ತದೆ ಎಂದು ಅರ್ಧ ಪುಟದ ಉತ್ತರ ಬಂತು.

ಮಂಡಳಿಯ ಸಭೆಗೆ ಈ ಸಲ ಊರಿಗೆ ಊರೇ ಬಂದಿತ್ತು. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಹಫ್‌ಸ್ಟೆಟ್ಲರ್ ಮೊದಲು ನನ್ನ ಕಡೆ ತಿರುಗಿದ.

"ಇದು ನಿಮಗೆ ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳಿ."

ನನಗೆ ಇಬ್ಬರು ಹೆಣ್ಣುಮಕ್ಕಳು. ಶಾಲೆ ಕೊಟ್ಟ ಮನೆಯಲ್ಲಿದ್ದೆವು. ಇದನ್ನೆಲ್ಲ ಆ ಕ್ಷಣದಲ್ಲಿ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಏನೂ ಯೋಚಿಸದೆ ಬಾಯಿ ತೆರೆದೆ.

"ಇಲ್ಲ, ಸರ್," ಎಂದೆ.

ಅವನು ನೆಲ್ಡಾ ಕಡೆ ನೋಡಿದ. ಅವರು ಎದ್ದು ನಿಂತಿದ್ದರು.

"ಮಿಸ್ಟರ್ ರಕರ್‌ಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ," ಎಂದರು.

ಅಲ್ಲಿವರೆಗೆ ಅವರು ನನ್ನನ್ನು ವೇಡ್ ಎಂದಷ್ಟೇ ಕರೆಯುತ್ತಿದ್ದರು, ಮನೆತನದ ಹೆಸರಿನಿಂದ ಯಾವತ್ತೂ ಕರೆದಿರಲಿಲ್ಲ. ಏಳು ಜನರ ಮಂಡಳಿ ಏಳೂ ಕೈ ಎತ್ತಿ ಅವರನ್ನು ಕೆಲಸದಿಂದ ತೆಗೆಯಿತು. ಅವರ ಹತ್ತಿರ ಓದಿನ ಸಾಲದ ಅರ್ಜಿ ತುಂಬಿಸಿಕೊಂಡು ಕಾಲೇಜಿಗೆ ಹೋಗಿದ್ದ ಮೂವರು ಆ ಮಂಡಳಿಯಲ್ಲಿದ್ದರು. ಹೊರಗೆ ಹೋಗುವಾಗ ಜನ ಅವರಿಗೆ ದಾರಿ ಬಿಟ್ಟರು. ಯಾರೂ ಬೈಯಲಿಲ್ಲ, ಯಾರೂ ಮುಟ್ಟಿ ಮಾತಾಡಿಸಲೂ ಇಲ್ಲ.

ಮುಂದಿನದು ಬೇಗ ಬೇಗ ಆಯಿತು. ನಲವತ್ತು ಮೈಲಿ ದೂರದ ಪೇಟೆಯ ಚಾರ್ಟರ್ ಶಾಲೆಯವರು ನಮ್ಮೂರ ದಿನಸಿ ಅಂಗಡಿ ಎದುರು ಮೇಜು ಹಾಕಿ, ತಮ್ಮ ದರ್ಜೆ ಎ, ನಮ್ಮದು ಎಫ್ ಎಂದು ಚೀಟಿ ಹಂಚಿದರು. ಬಸ್ಸೂ ಕಳಿಸುತ್ತೇವೆಂದರು. ಬೇಸಿಗೆ ಕಳೆಯುವಷ್ಟರಲ್ಲಿ ಮೂವತ್ತೆಂಟು ಮಕ್ಕಳು ಹೋದರು. ಮಗು ಹೋದ ಕಡೆ ಸರ್ಕಾರದ ಹಣವೂ ಹೋಗುತ್ತದೆ. ಆ ವರ್ಷ ಆರು ಜನರ ಫುಟ್‌ಬಾಲ್ ತಂಡ ಕಟ್ಟಲೂ ಆಗಲಿಲ್ಲ. ಮರುವರ್ಷ ಜೂನ್‌ನಲ್ಲಿ ಟುಲ್ಲಿ ವೆಲ್ಸನ್ನು ಪಕ್ಕದ ಜಿಲ್ಲೆಗೆ ಸೇರಿಸಿ ಕಟ್ಟಡಕ್ಕೆ ಬೀಗ ಹಾಕಿದರು. ನನಗೆ ಪೂರ್ವದ ಕಡೆ, ದೊಡ್ಡ ಜಿಲ್ಲೆಯಲ್ಲಿ, ಸಹಾಯಕ ಸೂಪರಿಂಟೆಂಡೆಂಟ್ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಜಾಸ್ತಿ.

ನೆಲ್ಡಾ ಹೆದ್ದಾರಿಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಗಲ್ಲಾಕ್ಕೆ ನಿಂತರು. ಅಲ್ಲಿ ವಿಮೆ ಇರಲಿಲ್ಲ. ಬಸ್ಟರ್‌ನ ಔಷಧಿ ದಿನಕ್ಕೆ ಎರಡು ಸಲದಿಂದ ಒಂದಕ್ಕೆ ಇಳಿಯಿತು. ಎರಡನೇ ಚಳಿಗಾಲದಲ್ಲಿ ಅವನು ತೀರಿಕೊಂಡ. ಆ ಅಡುಗೆಯವಳು ಅದಕ್ಕೂ ಮೊದಲೇ ಸತ್ತಿದ್ದಳು. ಅವಳ ಮಣ್ಣಿಗೆ ನೆಲ್ಡಾ ಒಬ್ಬರೇ ಎಪ್ಪತ್ತು ಮೈಲಿ ಕಾರು ಓಡಿಸಿಕೊಂಡು ಹೋಗಿ, ಚರ್ಚಿನ ಹೊರಗೇ ನಿಂತಿದ್ದು ವಾಪಸು ಬಂದರಂತೆ. ಇದನ್ನು ನನಗೆ ಹೇಳಿದ್ದು ಜನೀಸ್, ಬಸ್ಟರ್‌ನ ಮಣ್ಣಿನ ದಿನ.

ಅಲ್ಲಿಂದ ಮನೆಗೆ ಬಂದ ಮೇಲೆ ನಾನು ರಾಜ್ಯದ ಕಚೇರಿಗೆ ಪತ್ರ ಬರೆದೆ. ನನಗೆ ಗೊತ್ತಿತ್ತು, ಮಂಡಳಿಯ ಮುಂದೆ ಸುಳ್ಳು ಹೇಳಿದೆ, ಏನು ಕ್ರಮ ಬೇಕಾದರೂ ತೆಗೆದುಕೊಳ್ಳಿ ಎಂದು ಬರೆದು ಸಹಿ ಹಾಕಿದೆ. ಮೂರು ವಾರಕ್ಕೆ ಉತ್ತರ ಬಂತು. ಆ ಸಂಖ್ಯೆಯ ಶಾಲಾ ಜಿಲ್ಲೆ ಈಗ ಅಸ್ತಿತ್ವದಲ್ಲಿಲ್ಲ, ಕಡತ ಮುಚ್ಚಲಾಗಿದೆ, ಪತ್ರಕ್ಕಾಗಿ ಧನ್ಯವಾದ ಎಂದಿತ್ತು.

ಅದನ್ನು ಹಿಡಿದುಕೊಂಡು ಆರು ಗಂಟೆ ಕಾರು ಓಡಿಸಿ ಪೆಟ್ರೋಲ್ ಬಂಕಿಗೆ ಹೋದೆ. ನೆಲ್ಡಾ ಕನ್ನಡಕ ಏರಿಸಿಕೊಂಡು ನಿಂತಲ್ಲೇ ಎರಡು ಸಲ ಓದಿದರು.

"ಇದನ್ನ ನನಗೆ ಯಾಕೆ ತಂದ್ರಿ, ಮಿಸ್ಟರ್ ರಕರ್?" ಎಂದು ಕೇಳಿದರು. ದನಿಯಲ್ಲಿ ಕೋಪ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗಿತ್ತು.

ನನ್ನ ಹಿಂದೆ ಒಬ್ಬ ಲಾರಿಯವನು ಕಾಫಿ ಲೋಟ ಹಿಡಿದು ಕಾಯುತ್ತಿದ್ದ. ನೆಲ್ಡಾ ಪತ್ರವನ್ನು ಮಡಿಚಿ ನನ್ನ ಕೈಗೇ ಕೊಟ್ಟು, ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದು ಹೇಳಿ, ಅವನ ಕಡೆ ತಿರುಗಿದರು.