ಇನ್ನೊಂದು ಪ್ಲೇಟು

ಬೊಮ್ಮನಹಳ್ಳಿಯ ಮೆಕ್ಯಾನಿಕ್ ನಂಜಪ್ಪನಿಗೆ ಆ ಹಳೇ ಮಿಲಿಟರಿ ಟ್ರಕ್ಕನ್ನು ಕಂಡರೇ ಮೈಯೆಲ್ಲ ಉರಿಯುತ್ತಿತ್ತು. ಫ್ಯಾಕ್ಟರಿಯಿಂದ ನಿವೃತ್ತರಾದ ವೆಂಕಟಸುಬ್ಬಯ್ಯನವರು ಯಾತ್ರೆಗೆಂದು ತಗಡಿನದೊಂದು ಗಾಲಿಮನೆ ಕಟ್ಟಿಸಿ ಅದರ ಹಿಂದೆ ಸಿಕ್ಕಿಸಿದ್ದರು. ಆ ಭಾರಕ್ಕೆ ಟ್ರಕ್ಕಿನ ಹಿಂಭಾಗ ಕುಸಿಯಿತೆಂದು ನಂಜಪ್ಪ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸಿದ. ವಾರದಲ್ಲೇ ಮತ್ತೆ ಕುಸಿಯಿತು. ಇನ್ನೊಂದು ಸೇರಿಸಿದ. ಇವತ್ತು, ಹೊರಡುವ ದಿನವೇ, ಅದು ಗ್ಯಾರೇಜಿನ ಮುಂದೆ ಮತ್ತೆ ಅಂಡೂರಿ ಕೂತಿತ್ತು.

"ಎಂಥಾ ಪ್ಲೇಟಪ್ಪಾ ಹಾಕಿದೀಯ?" ಎಂದರು ವೆಂಕಟಸುಬ್ಬಯ್ಯ.

"ಪ್ಲೇಟಿಗೇನಾಗೈತೆ ಸ್ವಾಮಿ! ಒಳಗೇನ್ ತುಂಬಿದೀರ, ಮೊದ್ಲು ಅದ್ ಯೋಳಿ!"

ನಂಜಪ್ಪ ಗಾಲಿಮನೆಯ ಬಾಗಿಲನ್ನು ತಾನೇ ದಬಾರನೆ ತೆಗೆದ. ಒಳಗೆ ಬಾಯಿಗೆ ಬಟ್ಟೆ ಕಟ್ಟಿದ ನಾಲ್ಕು ದೊಡ್ಡ ಡ್ರಮ್ಮುಗಳಿದ್ದವು.

"ಮುಟ್ಬೇಡಪ್ಪಾ, ಮಡಿ ನೀರು!" ಎಂದು ವೆಂಕಟಸುಬ್ಬಯ್ಯನವರ ಹೆಂಡತಿ ವತ್ಸಲಾ ಕೂಗಿಕೊಂಡರು. "ನಮ್ಮನೆ ಬಾವೀದು. ನಾವು ಹೊರಗಡೆ ನೀರು ಕುಡಿಯಲ್ಲ. ನೀನು ಪ್ಲೇಟು ಹಾಕ್ದಾಗೆಲ್ಲ ಧೈರ್ಯವಾಗಿ ಒಂದೊಂದು ಡ್ರಮ್ಮು ಜಾಸ್ತಿ ಇಟ್ವಿ."

ನಂಜಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ. "ಓಗ್ತಿರೋದು ಎಲ್ಲಿಗಮ್ಮಾ?"

"ತಲಕಾವೇರಿಗೆ. ತೀರ್ಥಸ್ನಾನಕ್ಕೆ."